ದಾವಣಗೆರೆಯಿಂದ ಮಂಗಳೂರಿಗೆ: ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಒಂಬತ್ತು ವರ್ಷ ಮಂಗಳೂರಿನಲ್ಲಿ ನೌಕರಿ ಮಾಡಿ ದಾವಣಗೆರೆಗೆ ಮರಳಿದ ಮೇಲೆ, ಶಾಲೆಗಳಿಗೆ ರಜೆ ಬಂತೆಂದರೆ ನೆಂಟರು, ಓಣಿಯವರು, ಹರಿಹರ ಮತ್ತು ಚಿತ್ರದುರ್ಗದ ಸ್ನೇಹಿತರು ನನ್ನನ್ನು ವಿಚಾರಿಸುವುದು ವಾಡಿಕೆಯಾಗಿದೆ. ಕೇಳುವವರು ಬೇರೆಯಾದರೂ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ ಆಗಿರುತ್ತವೆ. ಅವರು ಕೇಳಿದ ಮಾತಿನಲ್ಲಿಯೇ ಪ್ರಶ್ನೆಯನ್ನಿಟ್ಟು ಉತ್ತರ ಬರೆದಿದ್ದೇನೆ. ಮೊದಲ ಸಲ ಹೋಗುವವರಿಗೆ ಬೇಕಾದದ್ದು ಮೊದಲಿಗೆ ಬರುತ್ತದೆ.

## ಹೊರಡುವ ಮುನ್ನ

ಯಾವ ತಿಂಗಳಲ್ಲಿ ಹೋದರೆ ಚೆನ್ನಾಗಿರುತ್ತೆ?

ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಹೋಗುವುದು ಉತ್ತಮ. ನಮ್ಮಲ್ಲಿ ಏಪ್ರಿಲ್ ಬಿಸಿಲು ಸುಡುತ್ತದೆ, ಆದರೆ ನೆರಳಿಗೆ ಹೋದರೆ ಮೈ ಆರುತ್ತದೆ. ಮಂಗಳೂರಿನಲ್ಲಿ ಗಾಳಿಯಲ್ಲೇ ನೀರಿನ ಅಂಶ ತುಂಬಿರುವುದರಿಂದ ನೆರಳಿನಲ್ಲಿ ಕುಳಿತರೂ ಬೆವರು ಇಳಿಯುತ್ತಲೇ ಇರುತ್ತದೆ. ಬೇಸಿಗೆ ರಜೆಯಲ್ಲೇ ಹೋಗುವುದು ಅನಿವಾರ್ಯವಾದರೆ ತೆಳು ಹತ್ತಿಯ ಬಟ್ಟೆಗಳನ್ನು ಒಂದೆರಡು ಜೊತೆ ಹೆಚ್ಚಿಗೆ ಇಟ್ಟುಕೊಂಡು, ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ತಿರುಗಾಟವನ್ನು ನಿಲ್ಲಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯ ಅಳತೆಯೇ ಬೇರೆ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವುದು 600 ಮಿಲಿಮೀಟರ್ ಆಸುಪಾಸಿನ ಮಳೆಯಾದರೆ, ಅಲ್ಲಿ 3,500 ಮಿಲಿಮೀಟರ್ ದಾಟುತ್ತದೆ. ಆ ಮಳೆಯನ್ನು ನೋಡುವುದಕ್ಕೆಂದೇ ಹೋಗಬಹುದು, ಅದು ನೋಡತಕ್ಕದ್ದೇ. ಆದರೆ ಕಡಲಿಗೆ ಇಳಿಯುವ ಆಸೆಯನ್ನು ಆ ನಾಲ್ಕು ತಿಂಗಳು ಪೂರ್ತಿಯಾಗಿ ಬಿಡಬೇಕು.

ಯಾವ ದಾರಿ ಹಿಡೀಬೇಕು? ಚಿತ್ರದುರ್ಗದಿಂದ ಹೋಗೋರು ಹೇಗೆ?

ದಾವಣಗೆರೆಯವರಿಗೆ ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಉಡುಪಿ ಮಾರ್ಗವೇ ಹತ್ತಿರ. ಮುನ್ನೂರು ಕಿಲೋಮೀಟರಿನ ಒಳಗೆ ಮುಗಿಯುತ್ತದೆ. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿದ್ದು, ದೊಡ್ಡ ಬಸ್ಸು, ಲಾರಿಗಳಿಗೆ ಅಲ್ಲಿ ಅವಕಾಶವಿಲ್ಲ. ಆದ್ದರಿಂದ ಮದುವೆ ಮನೆಯವರಂತೆ ದೊಡ್ಡ ಬಸ್ಸು ಗೊತ್ತುಮಾಡಿಕೊಂಡು ಹೋಗುವವರು ಈ ದಾರಿಯನ್ನು ನಂಬಬಾರದು. ಚಿತ್ರದುರ್ಗದವರು ಹೊಳಲ್ಕೆರೆ, ಹೊಸದುರ್ಗ ದಾಟಿ ಕಡೂರು, ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿ ಘಾಟಿ ಇಳಿದು ಉಜಿರೆ, ಬೆಳ್ತಂಗಡಿ, ಬಂಟ್ವಾಳದ ಮೇಲೆ ಮಂಗಳೂರು ಸೇರಬಹುದು. ಮಳೆಗಾಲದಲ್ಲಿ ಯಾವ ಘಾಟಿಯಲ್ಲಾದರೂ ಮಣ್ಣು ಜರಿದು ರಸ್ತೆ ಮುಚ್ಚಬಹುದು; ಹೊರಡುವ ದಿನ ಬೆಳಿಗ್ಗೆ ಜಿಲ್ಲಾಡಳಿತದ ಪ್ರಕಟಣೆಯನ್ನು ನೋಡಿಕೊಂಡೇ ಗಾಡಿ ತೆಗೆಯಬೇಕು.

ಇಲ್ಲೊಂದು ಸಣ್ಣ ಎಚ್ಚರಿಕೆಯ ಮಾತಿದೆ. ಆಗುಂಬೆ ಘಾಟಿ ಇಳಿದ ಕೂಡಲೇ ಸಿಗುವ ಹಳ್ಳಿಯ ಹೆಸರೂ ಸೋಮೇಶ್ವರ, ಉಳ್ಳಾಲದ ಪಕ್ಕದ ಕಡಲತೀರದ ಹೆಸರೂ ಸೋಮೇಶ್ವರ. ಫೋನಿನ ನಕ್ಷೆಯಲ್ಲಿ ಬರೀ ಹೆಸರು ಒತ್ತಿದವರು ಕಾಡಿನ ಅಂಚಿನಲ್ಲಿ ನಿಂತು ಸಮುದ್ರ ಎಲ್ಲಿದೆ ಎಂದು ನನಗೆ ಫೋನು ಮಾಡಿದ್ದುಂಟು.

ರೈಲು ಇದೆಯಾ?

ವಿಜಯಪುರದಿಂದ ಮಂಗಳೂರಿಗೆ ಹೋಗುವ ರೈಲು ಹುಬ್ಬಳ್ಳಿ, ದಾವಣಗೆರೆ, ಅರಸೀಕೆರೆ, ಹಾಸನದ ಮೇಲೆ ಸಾಗುತ್ತದೆ. ವೇಳೆ ಬದಲಾಗುವುದರಿಂದ ಟಿಕೆಟ್ ತೆಗೆಸುವಾಗ ನೋಡಿಕೊಳ್ಳಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ದಾರಿಯಲ್ಲಿ 57 ಸುರಂಗಗಳಿವೆ. ರಾತ್ರಿಯ ಗಾಡಿಯಲ್ಲಿ ಹೋದರೆ ಅದೊಂದೂ ಕಾಣುವುದಿಲ್ಲ. ಘಾಟಿಯನ್ನು ನೋಡುವ ಆಸೆಯಿರುವವರು ಅರಸೀಕೆರೆ ಅಥವಾ ಹಾಸನದಲ್ಲಿ ಇಳಿದು ಹಗಲಿನ ಗಾಡಿ ಹಿಡಿಯಬೇಕು. ಮಂಗಳೂರಿನಲ್ಲಿ ಸೆಂಟ್ರಲ್ ಮತ್ತು ಜಂಕ್ಷನ್ ಎಂದು ಎರಡು ನಿಲ್ದಾಣಗಳಿವೆ. ಊರಿನ ನಡುವೆ ಇರುವುದು ಸೆಂಟ್ರಲ್.

ಧರ್ಮಸ್ಥಳಕ್ಕೆ ಹೋದಾಗಲೇ ಒಂದು ಮಧ್ಯಾಹ್ನ ಮಂಗಳೂರು ಮುಗಿಸಿಬಿಡಬಹುದಲ್ಲ?

ಮುಗಿಸಬಹುದು, ಆದರೆ ನೋಡಿದಂತಾಗುವುದಿಲ್ಲ. ಧರ್ಮಸ್ಥಳದಿಂದ ಮಂಗಳೂರಿಗೆ ಸುಮಾರು 75 ಕಿಲೋಮೀಟರ್. ದರ್ಶನ, ಊಟ ಮುಗಿಸಿ ಹೊರಟವರು ನಾಲ್ಕೂವರೆಗೆ ಪಣಂಬೂರಿಗೆ ಬಂದು, ಜನಜಂಗುಳಿಯಲ್ಲಿ ಅರ್ಧ ಗಂಟೆ ನೀರಿನಲ್ಲಿ ನಿಂತು, ಒದ್ದೆ ಬಟ್ಟೆಯಲ್ಲೇ ಗಾಡಿ ಹತ್ತುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅವಸರದಲ್ಲಿ ನೀರಿಗಿಳಿಯುವವರೇ ಅಪಾಯಕ್ಕೆ ಸಿಕ್ಕಿಕೊಳ್ಳುವುದು ಹೆಚ್ಚು. ಎರಡು ರಾತ್ರಿ ತಂಗುವಂತೆ ಹೋಗಿ ಎಂಬುದು ನನ್ನ ಒತ್ತಾಯ. ಬೆಳಗಿನ ಹೊತ್ತು ಊರಿಗೆ, ಸಂಜೆ ಕಡಲಿಗೆ ಎಂದು ಹಂಚಿಕೊಂಡರೆ ವಯಸ್ಸಾದವರಿಗೂ ಆಯಾಸವಾಗುವುದಿಲ್ಲ. ತಂಗಲು ಹಂಪನಕಟ್ಟೆಯ ಸುತ್ತಮುತ್ತ ಅಥವಾ ಬಿಜೈಯ ಕೆ.ಎಸ್.ಆರ್.ಟಿ.ಸಿ. ನಿಲ್ದಾಣದ ಬಳಿ ಕೋಣೆ ಹಿಡಿಯುವುದು ಅನುಕೂಲ.

## ಊರಿನೊಳಗೆ

ಅಲ್ಲಿ ತುಳು ಮಾತಾಡ್ತಾರಂತೆ, ನಮ್ಮ ಕನ್ನಡ ನಡೆಯುತ್ತಾ?

ಧಾರಾಳವಾಗಿ ನಡೆಯುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವವರೂ ಹೊರಗಿನವರೊಡನೆ ಕನ್ನಡವನ್ನೇ ಆಡುತ್ತಾರೆ, ಅದೂ ಪುಸ್ತಕದಲ್ಲಿ ಬರೆದಂತಹ ಕನ್ನಡ. ನಮ್ಮ "ಐತಿ" ಅಲ್ಲಿ "ಉಂಟು" ಆಗುತ್ತದೆ, "ಏನು" ಎಂಬುದು "ಎಂಥ" ಆಗುತ್ತದೆ. "ಎಂಥದು ಮಾರಾಯ್ರೆ" ಎಂದರೆ ಸಿಟ್ಟಿನ ಮಾತೆಂದು ತಿಳಿಯಬೇಡಿ, ಅದು ಸಲಿಗೆಯ ಮಾತು. ಊರಿಗೆ ತುಳುವಿನಲ್ಲಿ ಕುಡ್ಲ ಎಂದು ಹೆಸರು. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡುವ ಜಾಗವಾದ್ದರಿಂದ ಆ ಹೆಸರು ಬಂತೆನ್ನುತ್ತಾರೆ. ಕೊಂಕಣಿಯವರು ಕೊಡಿಯಾಲ ಎನ್ನುತ್ತಾರೆ, ಬ್ಯಾರಿಗಳು ಮೈಕಾಲ ಎನ್ನುತ್ತಾರೆ. ಬಸ್ಸಿನ ಫಲಕದಲ್ಲಿ ಮಂಗಳೂರು, ಬಾಯಲ್ಲಿ ಕುಡ್ಲ ಎಂದು ಕೇಳಿದಾಗ ಎರಡೂ ಒಂದೇ ಊರೆಂದು ತಿಳಿದಿದ್ದರೆ ಸಾಕು. ಅಲ್ಲಿಯವರು ನಮ್ಮನ್ನು "ಘಟ್ಟದವರು" ಎಂದು ಕರೆಯುತ್ತಾರೆ; ಘಟ್ಟದ ಮೇಲಿನಿಂದ ಬಂದವರು ಎಂಬುದಷ್ಟೇ ಅದರ ಅರ್ಥ.

ಕಾರಿಲ್ಲದೆ ಊರು ಸುತ್ತೋಕಾಗುತ್ತಾ?

ಆಗುತ್ತದೆ, ಮಕ್ಕಳಿಗೆ ಅದೇ ಹೆಚ್ಚು ಖುಷಿ. ಮಂಗಳೂರಿನ ಸಿಟಿ ಬಸ್ಸುಗಳು ಬಹುಪಾಲು ಖಾಸಗಿಯವರದು. ಸ್ಟೇಟ್ ಬ್ಯಾಂಕ್ ಎಂದು ಎಲ್ಲರೂ ಕರೆಯುವ ನಿಲ್ದಾಣದಿಂದ ಪಣಂಬೂರು, ಸುರತ್ಕಲ್, ಉಳ್ಳಾಲ, ಸೋಮೇಶ್ವರ, ಕಟೀಲು, ಎಲ್ಲ ಕಡೆಗೂ ಹೊರಡುತ್ತವೆ. ಕಂಡಕ್ಟರು ಬಾಗಿಲಲ್ಲಿ ನಿಂತು "ರೈಟ್ ಪೋಯಿ" ಎಂದರೆ ಹೊರಡೋಣ ಎಂದು, "ಉಲಾಯಿ ಪೋಲೆ" ಎಂದರೆ ಒಳಗೆ ಹೋಗಿ ಎಂದು ಅರ್ಥ. ಬಸ್ಸು ಪೂರ್ತಿ ನಿಲ್ಲುವ ಮುನ್ನವೇ ಇಳಿಯುವ ಅಲ್ಲಿಯವರ ಅಭ್ಯಾಸವನ್ನು ನಾವು ಅನುಕರಿಸಬಾರದು. ಆಟೋದವರು ಮೀಟರ್ ಹಾಕುವುದು ಸಾಮಾನ್ಯ ರೂಢಿ.

ಬೀಚು ಬಿಟ್ಟರೆ ನೋಡೋಕೆ ಏನಿದೆ?

ನನ್ನ ಮಟ್ಟಿಗೆ ಮಂಗಳೂರಿನ ನಿಜವಾದ ಸಂಪತ್ತು ಇರುವುದು ಊರಿನೊಳಗೇ. ಬೆಳಿಗ್ಗೆ ಮೊದಲು ಕದ್ರಿ ಮಂಜುನಾಥ ದೇವಸ್ಥಾನಕ್ಕೆ ಹೋಗಿ. ಅಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹವನ್ನು 968ರಲ್ಲಿ ಆಳುಪ ಅರಸ ಕುಂದವರ್ಮ ಸ್ಥಾಪಿಸಿದನೆಂದು ಅದರ ಪೀಠದ ಶಾಸನ ಹೇಳುತ್ತದೆ. ಆ ಶಾಸನದಲ್ಲಿ ಕದ್ರಿಯ ಹೆಸರು ಕದರಿಕಾ ವಿಹಾರ. ಮೂರು ಮುಖ, ಆರು ಕೈಗಳ ಆ ಮೂರ್ತಿಯ ಎದುರು ದೀಪದ ಬೆಳಕಿನಲ್ಲಿ ನಿಂತು, ಸಾವಿರ ವರ್ಷ ಹಿಂದಿನ ಎರಕದವರು ಬೆರಳಿನ ಉಗುರಿನವರೆಗೂ ಹೇಗೆ ತಿದ್ದಿದ್ದಾರೆಂಬುದನ್ನು ನೋಡಬೇಕು. ಮೇಲೆ ಹತ್ತಿದರೆ ಗೋಮುಖದಿಂದ ಬೀಳುವ ನೀರು, ಕೆರೆಗಳು, ಇನ್ನೂ ಮೇಲೆ ಪಾಂಡವರ ಗುಹೆಗಳು, ಜೋಗಿ ಮಠ ಸಿಗುತ್ತವೆ. ಮಂಡಿನೋವಿನವರು ಕೆಳಗೇ ಉಳಿಯುವುದು ಒಳ್ಳೆಯದು.

ಅಲ್ಲಿಂದ ಬಾವುಟಗುಡ್ಡೆಗೆ ಬನ್ನಿ. 1837ರಲ್ಲಿ ಸುಳ್ಯದಿಂದ ಹೊರಟ ರೈತರ ಪಡೆ ಬ್ರಿಟಿಷರ ಬಾವುಟ ಇಳಿಸಿ ತಮ್ಮ ಬಾವುಟ ಏರಿಸಿದ್ದು ಇದೇ ಗುಡ್ಡದ ಮೇಲೆ. ಅದಕ್ಕೆ ತಾಗಿಕೊಂಡಂತಿರುವ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರವನ್ನು ಹೊರಗಿನಿಂದ ನೋಡಿ ಮರಳುವವರಿದ್ದಾರೆ, ಹಾಗೆ ಮಾಡಬೇಡಿ. ಇಟಲಿಯಿಂದ ಬಂದ ಚಿತ್ರಕಾರ ಆಂಟೋನಿಯೋ ಮೊಸ್ಕೇನಿ 1899ರಿಂದ ಎರಡು ವರ್ಷ ಕುಳಿತು ಗೋಡೆ, ಕಮಾನು, ಚಾವಣಿಗಳಲ್ಲಿ ಒಂದಂಗುಲವನ್ನೂ ಬಿಡದಂತೆ ಬಣ್ಣ ತುಂಬಿದ್ದಾನೆ. ಚಾವಣಿಯಲ್ಲಿ ಸಂತ ಅಲೋಶಿಯಸನ ಜೀವನದ ಘಟನೆಗಳು ಒಂದರ ನಂತರ ಒಂದು ಬರುತ್ತವೆ. ಫೋಟೋ ತೆಗೆಯಲು ಬಿಡುವುದಿಲ್ಲ. ಅದರಿಂದ ಒಂದು ಉಪಕಾರವೇ ಆಗಿದೆ, ಜನ ಫೋನನ್ನು ಕಿಸೆಗೆ ಹಾಕಿ ಕತ್ತೆತ್ತಿ ನೋಡುತ್ತಾರೆ. ಬೆಂಚಿನ ಮೇಲೆ ಹತ್ತು ನಿಮಿಷ ಕೂತ ಮೇಲೆಯೇ ಚಿತ್ರಗಳು ಬಿಡಿಬಿಡಿಯಾಗಿ ಕಾಣತೊಡಗುವುದು.

ಊರಿಗೆ ಹೆಸರು ಕೊಟ್ಟ ಮಂಗಳಾದೇವಿ ದೇವಸ್ಥಾನ, ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಕುದ್ರೋಳಿ ಗೋಕರ್ಣನಾಥ ಕ್ಷೇತ್ರ, ಎರಡೂ ಸಂಜೆ ದೀಪದ ಹೊತ್ತಿಗೆ ಚೆಂದ. ದೇವಸ್ಥಾನದೊಳಗೆ ಪ್ರವೇಶವಿಲ್ಲದಿದ್ದ ಜನರಿಗಾಗಿ ಕಟ್ಟಿದ ಕ್ಷೇತ್ರ ಕುದ್ರೋಳಿ. ಆ ಹಿನ್ನೆಲೆಯನ್ನು ಮಕ್ಕಳಿಗೆ ಹೇಳಿ ಕರೆದುಕೊಂಡು ಹೋಗಬೇಕು. ಕರಾವಳಿಯ ಕೆಲವು ದೇವಸ್ಥಾನಗಳಲ್ಲಿ ಗಂಡಸರು ಅಂಗಿ, ಬನಿಯನ್ ತೆಗೆದು ಒಳಗೆ ಹೋಗಬೇಕಾಗುತ್ತದೆ, ಹೆಗಲಿಗೊಂದು ಶಲ್ಯ ಇಟ್ಟುಕೊಳ್ಳಿ.

ಚಿಕ್ಕ ಮಕ್ಕಳಿದ್ದಾರೆ, ಅವರಿಗೆ ಏನು ತೋರಿಸೋದು?

ವಾಮಂಜೂರಿನ ಬಳಿಯ ಪಿಲಿಕುಳ ನಿಸರ್ಗಧಾಮಕ್ಕೆ ಅರ್ಧ ದಿನ ಕೊಡಿ. ಪಿಲಿ ಎಂದರೆ ತುಳುವಿನಲ್ಲಿ ಹುಲಿ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳ ಎಂದು ಹೆಸರಿನ ಅರ್ಥ. ಪ್ರಾಣಿ ಸಂಗ್ರಹಾಲಯ, ವಿಜ್ಞಾನ ಕೇಂದ್ರ, ತಾರಾಲಯ, ಪಶ್ಚಿಮ ಘಟ್ಟದ ಮರಗಳ ತೋಟ, ಗುತ್ತಿನ ಮನೆ ಎಂದು ಕರೆಯುವ ತುಳುನಾಡಿನ ಹಳೆಯ ಜಮೀನ್ದಾರಿ ಮನೆ ಎಲ್ಲವೂ ಒಂದೇ ಆವರಣದಲ್ಲಿವೆ. ಸೋಮವಾರ ಪ್ರಾಣಿ ಸಂಗ್ರಹಾಲಯಕ್ಕೆ ರಜೆ.

ಮಂಗಳೂರು ಹಂಚು ಅಂತೀವಲ್ಲ, ಆ ಹಂಚು ಅಲ್ಲಿಂದಲೇ ಬಂದದ್ದಾ?

ಅಲ್ಲಿಂದಲೇ. ನಮ್ಮ ಹಳೆಯ ಮನೆಯನ್ನು ಕೆಡವಿದಾಗ ಇಳಿಸಿದ ಹಂಚುಗಳ ಬೆನ್ನ ಮೇಲೆ ಮಂಗಳೂರಿನ ಹೆಸರು ಉಬ್ಬು ಅಕ್ಷರಗಳಲ್ಲಿತ್ತು. ಒಂದನ್ನು ನಾನಿನ್ನೂ ತುಳಸಿಕಟ್ಟೆಯ ಪಕ್ಕ ಇಟ್ಟುಕೊಂಡಿದ್ದೇನೆ. 1834ರಲ್ಲಿ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ನದಿ ದಂಡೆಯ ಜೇಡಿಮಣ್ಣು ಹಂಚಿಗೆ ಹೇಳಿಮಾಡಿಸಿದಂತಿರುವುದನ್ನು ಕಂಡು 1865ರಲ್ಲಿ ಮೊದಲ ಕಾರ್ಖಾನೆ ತೆರೆದರು. ಮಣ್ಣು ನದಿಯಿಂದ, ಸಾಗಾಟ ದೋಣಿಯಿಂದ. ಹೀಗಾಗಿ ಕಾರ್ಖಾನೆಗಳೆಲ್ಲ ನೀರಿನ ಅಂಚಿನಲ್ಲೇ ಹುಟ್ಟಿದವು. ತಾರಸಿ ಮನೆಗಳ ಕಾಲದಲ್ಲಿ ಬಹುಪಾಲು ಮುಚ್ಚಿಹೋಗಿವೆ, ಆದರೆ ಹಳೆಯ ಬೀದಿಗಳಲ್ಲಿ ಹಂಚಿನ ಮಾಡುಗಳು ಇನ್ನೂ ಇವೆ. ಕನ್ನಡದ ಮೊದಲ ಪತ್ರಿಕೆ "ಮಂಗಳೂರು ಸಮಾಚಾರ" 1843ರ ಜುಲೈ 1ರಂದು ಹೊರಟದ್ದೂ, ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇದೇ ಮಿಷನ್ನಿನವರಿಂದ, ಇದೇ ಊರಿನಲ್ಲಿ. ಕನ್ನಡ ಓದುವವರಿಗೆ ಆ ಮಿಷನ್ನಿನವರ ನೆಲೆಯಾಗಿದ್ದ ಬಲ್ಮಠದ ಸುತ್ತ ಒಮ್ಮೆ ನಡೆದಾಡುವುದಕ್ಕೆ ಅಷ್ಟು ಕಾರಣ ಸಾಕು.

## ಕಡಲ ದಂಡೆಯಲ್ಲಿ

ಅಷ್ಟೊಂದು ಬೀಚಿವೆ, ಯಾವುದಕ್ಕೆ ಹೋಗೋದು?

ಮಕ್ಕಳು, ಮುದುಕರು ಎಲ್ಲರೂ ಇರುವ ಕುಟುಂಬಕ್ಕೆ ಪಣಂಬೂರು: ದಂಡೆ ಅಗಲವಾಗಿದೆ, ಜೀವರಕ್ಷಕರಿದ್ದಾರೆ, ಪಕ್ಕದ ನವಮಂಗಳೂರು ಬಂದರಿಗೆ ಬರುವ ಹಡಗುಗಳು ದೂರದಲ್ಲಿ ಕಾಣುತ್ತವೆ. ಭಾನುವಾರ ಸಂಜೆ ಮಾತ್ರ ಬೇಡ. ನನಗೆ ಪ್ರಿಯವಾದದ್ದು ತಣ್ಣೀರುಬಾವಿ, ಅದಕ್ಕಿಂತಲೂ ಪ್ರಿಯವಾದದ್ದು ಅಲ್ಲಿಗೆ ಹೋಗುವ ದಾರಿ. ಬೋಳೂರಿನಲ್ಲಿ ಟಿಪ್ಪು ಸುಲ್ತಾನ 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ ಎಂಬ ಕಪ್ಪು ಕಲ್ಲಿನ ಕಾವಲು ಬುರುಜಿದೆ. ಏಳು ಸುತ್ತಿನ ಕೋಟೆ ಕಂಡ ಚಿತ್ರದುರ್ಗದವರಿಗೆ ಅದು ಚಿಕ್ಕದೆನಿಸಬಹುದು. ಆದರೆ ನದಿಯಲ್ಲಿ ನುಗ್ಗುವ ಹಡಗುಗಳ ಮೇಲೆ ಕಣ್ಣಿಡಲು ಕಟ್ಟಿದ್ದೆಂದು ತಿಳಿದು, ತೋಪಿನ ಕಿಂಡಿಯಿಂದ ಇಣುಕಿದರೆ ಅದರ ಲೆಕ್ಕಾಚಾರ ಅರ್ಥವಾಗುತ್ತದೆ. ಬುರುಜಿನ ಬುಡದಿಂದಲೇ ದೋಣಿ ಗುರುಪುರ ನದಿ ದಾಟಿಸುತ್ತದೆ. ಸೈಕಲ್ಲು, ಮೀನಿನ ಬುಟ್ಟಿ, ಶಾಲೆಯ ಮಕ್ಕಳು, ನಾವು, ಎಲ್ಲರೂ ಒಂದೇ ಹಲಗೆಯ ಮೇಲೆ. ಆಚೆ ದಡದಲ್ಲಿ ಇಳಿದು ಸ್ವಲ್ಪ ನಡೆದರೆ ಸಮುದ್ರ. ಮಳೆ ಜೋರಿದ್ದಾಗ ದೋಣಿ ನಿಲ್ಲುವುದುಂಟು.

ಉಳ್ಳಾಲದ ಪಕ್ಕದ ಸೋಮೇಶ್ವರದಲ್ಲಿ ಬಂಡೆಗಳ ಮೇಲೆ ಸೋಮನಾಥ ದೇವಸ್ಥಾನವಿದೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನ ನೆಲ ಅದು. ನೋಟಕ್ಕೆ ಅತ್ಯಂತ ಸುಂದರ, ನೀರಿಗಿಳಿಯಲು ಅತ್ಯಂತ ಅಪಾಯಕಾರಿ. ಅಲೆಯ ಮೇಲೆ ಹಲಗೆ ಓಡಿಸುವ ಸರ್ಫಿಂಗ್ ನೋಡುವ ಆಸಕ್ತಿಯಿರುವ ಯುವಕರು ಉತ್ತರದ ಸಸಿಹಿತ್ಲುವಿಗೆ ಹೋಗಬಹುದು. ಉಡುಪಿ ಕಡೆಯಿಂದ ಬರುವವರಿಗೆ 2020ರಲ್ಲಿ ನೀಲಿ ಬಾವುಟದ (ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು) ಮಾನ್ಯತೆ ಪಡೆದ ಪಡುಬಿದ್ರಿ ತೀರ ಹೆದ್ದಾರಿಯ ಬಳಿಯಲ್ಲೇ ಇದೆ. ಅಲ್ಲಿ ಸ್ನಾನಕ್ಕೆ ಗುರುತು ಮಾಡಿದ ಜಾಗ, ಬಟ್ಟೆ ಬದಲಿಸುವ ಕೋಣೆಗಳಿವೆ.

ನಮ್ಮ ಹುಡುಗರು ಭದ್ರಾ ನಾಲೆಯಲ್ಲೇ ಈಜಿ ಬೆಳೆದವರು, ಸಮುದ್ರಕ್ಕಿಳಿದರೆ ಏನಾಗುತ್ತೆ?

ಈ ಪ್ರಶ್ನೆಗೆ ನಾನು ಯಾವಾಗಲೂ ನಿಂತು ಉತ್ತರ ಕೊಡುತ್ತೇನೆ. ನಾಲೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ, ಸೂಳೆಕೆರೆಯ ನೀರು ನಿಂತಿರುತ್ತದೆ. ಸಮುದ್ರದ ನೀರು ಮುಂದೆ ನೂಕಿ ಹಿಂದಕ್ಕೆ ಎಳೆಯುತ್ತದೆ. ಮೊಣಕಾಲುದ್ದದ ನೀರಿನಲ್ಲಿ ನಿಂತು ನೋಡಿ: ಅಲೆ ಮರಳುವಾಗ ಅಂಗಾಲಿನ ಕೆಳಗಿನ ಮರಳು ಜಾರಿ, ಮೊದಲು ಹಿಮ್ಮಡಿ ಹೂತು, ಆಮೇಲೆ ದೇಹವೇ ಹಿಂದಕ್ಕೆ ವಾಲುತ್ತದೆ. ದಂಡೆಗೆ ಬಂದ ನೀರೆಲ್ಲ ಕೆಲವು ಕಡೆ ಒಟ್ಟಾಗಿ ಒಂದು ಕಾಲುವೆಯಂತೆ ಕಡಲಿಗೆ ಮರಳುತ್ತದೆ. ಅಲೆ ಒಡೆಯದೆ ನೀರು ಶಾಂತವಾಗಿ, ಸ್ವಲ್ಪ ಕಂದು ಬಣ್ಣವಾಗಿ ಕಾಣುವ ಪಟ್ಟಿಯೇ ಅದು. ಶಾಂತವಾಗಿದೆಯೆಂದು ಹೊಸಬರು ಅಲ್ಲಿಗೇ ಇಳಿಯುತ್ತಾರೆ. ಆ ಸೆಳೆತಕ್ಕೆ ಸಿಕ್ಕವರು ದಂಡೆಯ ಕಡೆಗೆ ನೇರವಾಗಿ ಈಜಿದರೆ ಎಷ್ಟೇ ಗಟ್ಟಿಗರಾದರೂ ಸುಸ್ತಾಗುತ್ತಾರೆ. ಹೆದರದೆ ತೇಲುತ್ತ, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು, ಅಲೆ ಒಡೆಯುವ ಕಡೆಯಿಂದ ದಂಡೆ ಸೇರಬೇಕು.

ನನ್ನ ತಂಗಿಯ ಮಗನನ್ನು ಒಮ್ಮೆ ಸೋಮೇಶ್ವರದಲ್ಲಿ ಅಲೆ ಬಂಡೆಯ ಮೇಲಿಂದ ಎಳೆದುಕೊಂಡಿತು. ಅವನು ನೀರಿಗಿಳಿದಿರಲಿಲ್ಲ, ಫೋಟೋಕ್ಕೆ ನಿಂತಿದ್ದನಷ್ಟೇ. ಪಕ್ಕದಲ್ಲಿ ಗಾಳ ಹಾಕುತ್ತಿದ್ದ ಮೀನುಗಾರರೊಬ್ಬರು ತೋಳು ಹಿಡಿದು ಎತ್ತಿದರು. ಮೊಣಕೈ ಕಿತ್ತುಹೋಯಿತು, ಜೀವ ಉಳಿಯಿತು. ಆದ್ದರಿಂದ ಹೇಳುತ್ತೇನೆ: ಒದ್ದೆಯಾಗಿರುವ ಬಂಡೆಯ ಮೇಲೆ ಹತ್ತಬೇಡಿ, ಅಲೆ ಅಲ್ಲಿಯವರೆಗೆ ಬರುತ್ತದೆಂಬುದಕ್ಕೆ ಆ ಒದ್ದೆಯೇ ಗುರುತು. ಮಕ್ಕಳ ಕೈ ಬಿಡಬೇಡಿ, ಸಮುದ್ರಕ್ಕೆ ಬೆನ್ನು ಹಾಕಬೇಡಿ, ಕತ್ತಲಾದ ಮೇಲೆ ನೀರಿಗೆ ಹೋಗಬೇಡಿ. ಜೀವರಕ್ಷಕರು ಸೀಟಿ ಊದಿದರೆ ಅವರೊಡನೆ ವಾದಿಸಬೇಡಿ.

ಬೆಳಿಗ್ಗೆ ನಾವು ಕೂತಿದ್ದ ಜಾಗ ಸಂಜೆ ನೀರಲ್ಲಿತ್ತು, ಅದು ಹೇಗೆ?

ಅದು ಉಬ್ಬರವಿಳಿತ. ಚಂದ್ರನ ಮತ್ತು ಸೂರ್ಯನ ಸೆಳೆತದಿಂದ ಸಮುದ್ರ ದಿನಕ್ಕೆ ಸಾಮಾನ್ಯವಾಗಿ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಏರಿಳಿತದ ನಡುವೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಚಪ್ಪಲಿ, ಚೀಲಗಳನ್ನು ನೀರಿನಿಂದ ದೂರದ ಒಣ ಮರಳಿನಲ್ಲೇ ಇಡಿ.

## ಊಟ ಮತ್ತು ಖರೀದಿ

ನಾವು ಮೀನು ಮುಟ್ಟೋದಿಲ್ಲ, ನಮಗೆ ಊಟ ಸಿಗುತ್ತಾ?

ಯಾವ ತೊಂದರೆಯೂ ಇಲ್ಲ. ಶಾಕಾಹಾರಿ ಹೋಟೆಲುಗಳು ಬೀದಿಬೀದಿಗೂ ಇವೆ. ನೀರುದೋಸೆ, ಗೋಳಿಬಜೆ, ಬಾಳೆಹಣ್ಣು ಕಲಸಿ ಕರಿದ ಬನ್ಸ್, ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು, ಕೆಸುವಿನ ಎಲೆಯಿಂದ ಮಾಡುವ ಮಳೆಗಾಲದ ಪತ್ರೊಡೆ, ಇಷ್ಟನ್ನು ತಿನ್ನದೆ ಮರಳಬಾರದು. ಊಟಕ್ಕೆ ಕುಳಿತಾಗ ದಪ್ಪ ಕೆಂಪು ಕುಚ್ಚಲಕ್ಕಿ ಅನ್ನ ನಮ್ಮವರಿಗೆ ಮೊದಲ ದಿನ ಹಿಡಿಸುವುದಿಲ್ಲ. "ಬೆಳ್ತಿಗೆ" ಎಂದು ಕೇಳಿದರೆ ಬಿಳಿ ಅನ್ನ ಬಡಿಸುತ್ತಾರೆ. ಜೋಳದ ರೊಟ್ಟಿಯ ಆಸೆಯಲ್ಲಿ "ರೊಟ್ಟಿ" ಎಂದು ಹೇಳಿದವರ ಮುಂದೆ ಅಕ್ಕಿಯ ಗರಿಗರಿ ಹಾಳೆಗಳೂ ಕೋಳಿಯ ಸಾರೂ ಬಂದು ಕುಳಿತೀತು, ಅದು ಕೋರಿ ರೊಟ್ಟಿ.

ದಂಡೆಯಲ್ಲಿ ಚರುಮುರಿ ತಿನ್ನಿ. ನಮ್ಮ ಮಂಡಕ್ಕಿಯೇ, ಆದರೆ ಕೈ ಬೇರೆ. ಮಾರುವವರು ಡಬ್ಬಿಯಲ್ಲಿ ಈರುಳ್ಳಿ, ತುರಿದ ಕ್ಯಾರೆಟ್, ಮಾವಿನಕಾಯಿ ಹಾಕಿ, ಮೇಲೊಂದು ಚಮಚ ಕೊಬ್ಬರಿ ಎಣ್ಣೆ ಬಿಟ್ಟು, ಡಬ್ಬಿಯನ್ನೇ ಟಕಟಕನೆ ಕುಟ್ಟಿ ಕಾಗದದ ಪೊಟ್ಟಣಕ್ಕೆ ಸುರಿಯುತ್ತಾರೆ. ಮಿರ್ಚಿ ಜೊತೆಗಿರುವುದಿಲ್ಲ.

ಮೀನು ತಿನ್ನೋರಿಗೆ ಏನು ಹೇಳ್ತೀರಿ?

ಮೊದಲ ಸಲ ತಿನ್ನುವವರು ಮುಳ್ಳು ಕಡಿಮೆಯಿರುವ ಅಂಜಲ್ ಅಥವಾ ಕಾಣೆ ಕೇಳಿ. ಬಂಗುಡೆ, ಬೂತಾಯಿ ರುಚಿಯಲ್ಲಿ ಒಂದು ಕೈ ಮೇಲೇ, ಆದರೆ ಮುಳ್ಳು ಬಿಡಿಸುವ ಅಭ್ಯಾಸ ಬೇಕು. ಪುಳಿಮುಂಚಿ ಎಂದರೆ ಹುಳಿ ಮತ್ತು ಮೆಣಸಿನ ಗಟ್ಟಿ ಸಾರು. ಅದರ ಕೆಂಪು ಬಣ್ಣ ನಮ್ಮ ನೆರೆಯ ಬ್ಯಾಡಗಿಯ ಮೆಣಸಿನಕಾಯಿಯದು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುವುದರಿಂದ ಆ ದಿನಗಳಲ್ಲಿ ತಾಜಾ ಮೀನು ಕಡಿಮೆ, ಬೆಲೆ ಹೆಚ್ಚು.

ಊರಿಗೆ ಏನು ತರೋದು?

ಗೋಡಂಬಿ, ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಪುನರ್ಪುಳಿ (ಕೋಕಂ) ಸಿಪ್ಪೆ. ಪುನರ್ಪುಳಿಯ ಶರಬತ್ತು ನಮ್ಮ ಬೇಸಿಗೆಗೆ ಬಹಳ ಒಳ್ಳೆಯದು.

## ಎರಡನೆಯ ಸಲ ಹೋಗುವವರಿಗೆ

ಮೀನಿನ ಬಂದರು ನೋಡೋಕೆ ಬಿಡ್ತಾರಾ?

ದಕ್ಕೆ ಎಂದು ಕರೆಯುವ ಮೀನುಗಾರಿಕಾ ಬಂದರಿಗೆ ನಸುಕಿನಲ್ಲೇ ಹೋಗಬೇಕು. ಬಿಸಿಲೇರುವ ಹೊತ್ತಿಗೆ ಹರಾಜು ಮುಗಿದಿರುತ್ತದೆ. ನೆಲವೆಲ್ಲ ಮಂಜುಗಡ್ಡೆಯ ನೀರು, ಜಾರದ ಚಪ್ಪಲಿ ಬೇಕು. ಅದು ದುಡಿಮೆಯ ಜಾಗ. ಬುಟ್ಟಿ ಹೊತ್ತವರಿಗೆ ದಾರಿ ಬಿಡಿ, ಮೀನು ಮಾರುವ ಹೆಂಗಸರನ್ನು ಕೇಳದೆ ಫೋಟೋ ತೆಗೆಯಬೇಡಿ.

ಯಕ್ಷಗಾನ, ಕಂಬಳ, ಹುಲಿವೇಷ ನೋಡಬೇಕಂದ್ರೆ ಯಾವಾಗ ಹೋಗಬೇಕು?

ಮೂರಕ್ಕೂ ಕಾಲ ಬೇರೆ. ಹುಲಿವೇಷಕ್ಕೆ ದಸರಾ, ಆಗ ಕುದ್ರೋಳಿಯಲ್ಲಿ ಶಾರದೆ ಮತ್ತು ನವದುರ್ಗೆಯರ ಮೂರ್ತಿಗಳನ್ನಿಟ್ಟು, ಕೊನೆಗೆ ಊರೆಲ್ಲ ಮೆರವಣಿಗೆ ಮಾಡುತ್ತಾರೆ. ಕಂಬಳ ಸಾಮಾನ್ಯವಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ ವಾರಾಂತ್ಯಗಳಲ್ಲಿ. ಯಕ್ಷಗಾನದ ಮೇಳಗಳು ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಟು ಮೇ ಕೊನೆಯಲ್ಲಿ ಬರುವ ಪತ್ತನಾಜೆ ಎಂಬ ದಿನ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಕಟೀಲು ದುರ್ಗಾಪರಮೇಶ್ವರಿಯ ಹೆಸರಿನಲ್ಲೇ ಹಲವು ಮೇಳಗಳಿವೆ, ಹರಕೆಯ ಆಟವಾದ್ದರಿಂದ ಟಿಕೆಟ್ಟಿಲ್ಲ. ರಥಬೀದಿಯ ವೆಂಕಟರಮಣ ದೇವಸ್ಥಾನದ ತೇರು ರಥಸಪ್ತಮಿಯಂದು. ಆ ದಿನ ಕೋಣೆ ಸಿಗುವುದು ಕಷ್ಟ.

ಬಂದ ದಾರಿಯಲ್ಲೇ ವಾಪಸ್ ಬರೋದಾ, ಬೇರೆ ದಾರಿ ಇದೆಯಾ?

ಮರಳುವಾಗ ಉಡುಪಿಯ ಕಡೆ ಹೋಗದೆ ಮೂಡುಬಿದಿರೆ, ಕಾರ್ಕಳ, ಹೆಬ್ರಿ ಮೂಲಕ ಆಗುಂಬೆ ಹತ್ತಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು. ಕಂಬಗಳನ್ನು ಎಣಿಸಲು ಹೋಗದೆ, ಒಂದರ ಹಾಗೆ ಇನ್ನೊಂದಿಲ್ಲದ ಕೆತ್ತನೆಯನ್ನು ನೋಡಿ. ಕಾರ್ಕಳದ ಬಾಹುಬಲಿಯನ್ನು ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದ್ದು, ಎತ್ತರ 42 ಅಡಿ. ಬಿಸಿಲಿಗೆ ಬಂಡೆ ಕಾದರೆ ಬರಿಗಾಲಿನಲ್ಲಿ ನಿಲ್ಲಲಾಗುವುದಿಲ್ಲ, ಆದ್ದರಿಂದ ಕಾರ್ಕಳವನ್ನು ಮಧ್ಯಾಹ್ನ ಮೂರರ ಮೇಲೆ ಇಟ್ಟುಕೊಳ್ಳಿ. ನಾಲ್ಕಕ್ಕೆ ಅಲ್ಲಿಂದ ಬಿಟ್ಟರೆ ಸೂರ್ಯ ಇಳಿಯುವ ಮುನ್ನ ಆಗುಂಬೆಯ ಸೂರ್ಯಾಸ್ತದ ಕಟ್ಟೆಗೆ ಬರಬಹುದು. ಡಿಸೆಂಬರಿನಲ್ಲಿ ಅದು ಆರರ ಸುಮಾರು. ಮೋಡವಿಲ್ಲದ ದಿನ, ಹಿಂದಿನ ಸಂಜೆ ಕಾಲು ತೋಯಿಸಿದ ಕಡಲೇ ದೂರದಲ್ಲಿ ಒಂದು ತೆಳು ಗೆರೆಯಾಗಿ ಹೊಳೆಯುತ್ತದೆ. ಅಲ್ಲಿ ಸಂಜೆ ಚಳಿ ಗಾಳಿ ಬೀಸುತ್ತದೆ, ಮಕ್ಕಳ ಸ್ವೆಟರನ್ನು ಚೀಲದ ತಳಕ್ಕೆ ತುಂಬದೆ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ತೀರ್ಥಹಳ್ಳಿಯಲ್ಲಿ ಊಟ ಮಾಡಿ ಹೊರಟರೆ ನಡುರಾತ್ರಿಯ ಹೊತ್ತಿಗೆ ದಾವಣಗೆರೆ ತಲುಪಬಹುದು.